ಹದಿನೇಳನೆಯ ಕಂಬ

ನಮ್ಮ ಮನೆಗೂ ಗುಟ್ಟಪ್ಪನ ಮನೆಗೂ ನಡುವೆ ಒಂದೇ ಗೋಡೆ. ಅದೂ ಒಂಟಿ ಇಟ್ಟಿಗೆಯದು. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನನಗೆ ಸೀನು ಬರುತ್ತದೆ. ಹಾಗಾಗಿ ನಾನು ಅವರ ಮನೆಯ ಮಾತು ಕದ್ದು ಕೇಳಿದೆ ಎಂದು ಯಾರೂ ದೂರಬೇಕಾಗಿಲ್ಲ. ಹರಿದ ಬಲೆ ಹೆಣೆಯುವುದು ನನ್ನ ಕಸುಬು. ಮಾತೇ ಗೋಡೆ ದಾಟಿ ಬಂದರೆ, ಬಲೆಯನ್ನೂ ಹಿಡಿದು ಕಿವಿಯನ್ನೂ ಮುಚ್ಚಿಕೊಳ್ಳಲು ನನಗೆ ಇನ್ನೆರಡು ಕೈ ಬೇಕು.

ಗುಟ್ಟಪ್ಪ ಎನ್ನುವುದು ಊರು ಇಟ್ಟ ಹೆಸರು. ಮೀನು ಸಿಗುವ ಜಾಗದ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಉತ್ತರಕ್ಕೆ ಹೋಗಿ ಬಂದವನನ್ನು ಎಲ್ಲಿ ಸಿಕ್ಕಿತು ಎಂದು ಕೇಳಿ ನೋಡಿ, ಕಣ್ಣು ಮಿಟುಕಿಸದೆ ದಕ್ಷಿಣ ಎನ್ನುತ್ತಾನೆ. ಕೇಳಿದವನಿಗೂ ಅದು ಗೊತ್ತು, ಹೇಳಿದವನಿಗೂ ಗೊತ್ತು. ಅದನ್ನು ಸುಳ್ಳು ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಗುಟ್ಟಪ್ಪ ಎಲ್ಲರನ್ನೂ ಮೀರಿಸಿದವನು. ಕಟ್ಟಿಕೊಂಡ ಹೆಂಡತಿಗೂ ತನ್ನ ಜಾಗ ಹೇಳಿರಲಿಲ್ಲ. ದೊಡ್ಡ ಮಗನೊಬ್ಬನಿಗೆ ಮಾತ್ರ ತೋರಿಸಿದ್ದ. ದೋಣಿಯ ದಾರಿ ತೋರಿಸುವ ಯಂತ್ರದಲ್ಲಿ ಗುರುತು ಹಾಕಿಟ್ಟರೆ ನಾಳೆ ಯಾರಾದರೂ ನೋಡಿಯಾರೆಂದು ಅದರಲ್ಲೂ ಹಾಕಿರಲಿಲ್ಲ. ಎಲ್ಲ ತಲೆಯಲ್ಲೇ.

ಆ ದೊಡ್ಡವನು ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ತನ್ನ ದೋಣಿಯ ಸಮೇತ ಸಮುದ್ರದಲ್ಲಿ ಹೋಗಿಬಿಟ್ಟ. ದಕ್ಷಿಣದ ಕಪ್ಪು ಬಂಡೆಯ ಹತ್ತಿರ ಎಂದು ಊರಿಗೆಲ್ಲ ಗೊತ್ತು. ಊರಿನ ದೋಣಿಗಳೆಲ್ಲ ಎರಡು ದಿನ ಅಲ್ಲೇ ಹುಡುಕಿದವು. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ.

ನಮ್ಮೆರಡೂ ಮನೆಗಳ ಎದುರಿಗೆ ಐಸ್ ಫ್ಯಾಕ್ಟರಿಯ ಎತ್ತರದ ಗೋಡೆ. ಬಾಗಿಲಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಅವರ ಮನೆಗೆ ಓಣಿಯ ಕಡೆ ಒಂದು ಕಿಟಕಿ ಇದೆ, ಅಲ್ಲಿಂದ ದಕ್ಷಿಣದ ಸಮುದ್ರ, ಆ ಬಂಡೆ ಕಾಣುತ್ತವೆ. ನನ್ನದು ಸಾಲಿನ ಕೊನೆಯ ಮನೆ, ನನ್ನ ಕಿಟಕಿಗೆ ಉತ್ತರದ ಸಮುದ್ರ. ಗುಟ್ಟಪ್ಪನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ದಿನವೂ ಮಾರ್ಕೆಟ್ಟಿನಿಂದ ಬಂದು, ಮೀನಿನ ಬುಟ್ಟಿ ತೊಳೆದು ಕವುಚಿ ಹಾಕಿ, ಸಂಜೆ ಸ್ಟೂಲು ಎಳೆದುಕೊಂಡು ಆ ದಕ್ಷಿಣದ ಕಿಟಕಿಗೆ ಕೂರುತ್ತಿದ್ದಳು. ಕೂತು ಮಗನಿಗೆ ಮನೆಯ ಸುದ್ದಿ ಹೇಳುತ್ತಿದ್ದಳು. ಅಳುತ್ತಿರಲಿಲ್ಲ. ಪೇಟೆಯಿಂದ ಬಂದ ಮಗನಿಗೆ ಹೇಳಿದ ಹಾಗೆಯೇ.

"ಪುಟ್ಟಿ ಇವತ್ತು ಸ್ಲೇಟು ಒಡೆದುಕೊಂಡು ಬಂದಳು ಮಗಾ. ನಿನ್ನ ಹಾಗೇ ಕಣೋ, ಕೈಯಲ್ಲಿ ಒಂದು ನಿಲ್ಲಲ್ಲ."

ಅವರ ಮನೆಯ ವೈರ್‌ಲೆಸ್ಸೂ ಐದು ವರ್ಷದಿಂದ ಆರಿರಲಿಲ್ಲ. ದೋಣಿಗಳ ಜೊತೆ ಮಾತಾಡುವ ಆ ಸೆಟ್ಟಿನ ಸುಯ್ ಎನ್ನುವ ಸದ್ದು ದಿನವಿಡೀ ಗೋಡೆಯಿಂದ ನನ್ನ ಮನೆಗೂ ಬರುತ್ತಿತ್ತು. ದೊಡ್ಡವನ ಹಳದಿ ರೇನ್‌ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ಹಾಗೇ ಇತ್ತು. ಗಾಳಿ ಬಂದರೆ ಅದು ಮೆಲ್ಲಗೆ ಉಬ್ಬಿ ಮತ್ತೆ ಇಳಿಯುತ್ತಿತ್ತು. ಅಪ್ಪನ ಮುಖ ನೆನಪಿಲ್ಲದ ಆರು ವರ್ಷದ ಪುಟ್ಟಿ ಒಮ್ಮೆ ನನ್ನ ಮುಂದೆಯೇ, "ಅಜ್ಜಿ, ನೋಡು, ಅಪ್ಪ ಉಸಿರಾಡ್ತಿದ್ದಾರೆ" ಎಂದಳು. ಗುಟ್ಟಪ್ಪ ಅನ್ನದ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ.

ಆ ವರ್ಷ ಫ್ಯಾನಿನ ಕಂಪನಿ ಬಂತು. ಸಮುದ್ರದ ಮಧ್ಯೆ ಕಂಬ ನೆಟ್ಟು, ಅದರ ಮೇಲೆ ದೊಡ್ಡ ರೆಕ್ಕೆ ತಿರುಗಿಸಿ, ಗಾಳಿಯಿಂದ ಕರೆಂಟು ತೆಗೆಯುತ್ತಾರಂತೆ. ಸಮುದ್ರಕ್ಕೂ ಸೆಕೆ ಶುರುವಾಯಿತಾ ಎಂದು ನಾವು ನಕ್ಕೆವು. ಕಂಪನಿಯವರು ಮರ್ಯಾದಸ್ಥರೇ. ಶಾಲೆಯಲ್ಲಿ ಸಭೆ ಕರೆದು, ಸಮುದ್ರದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, "ನೀವು ಎಲ್ಲೆಲ್ಲಿ ಮೀನು ಹಿಡೀತೀರೋ ಅಲ್ಲಿ ಸುತ್ತು ಹಾಕಿ. ಆ ಜಾಗ ಬಿಟ್ಟು ಕಂಬ ಹಾಕ್ತೀವಿ" ಎಂದರು.

ಐವತ್ತೆರಡು ದೋಣಿ. ಐವತ್ತೆರಡು ಸುತ್ತು. ಎಲ್ಲವೂ ದಕ್ಷಿಣದ ಬಂಡೆಯ ಸುತ್ತಮುತ್ತ. ಅಲ್ಲಿ ಪಾಚಿ ಬಿಟ್ಟರೆ ಏನೂ ಸಿಗುವುದಿಲ್ಲ. ಅಧಿಕಾರಿ ಪಾಪ, ಕನ್ನಡಕ ಸರಿಮಾಡಿಕೊಂಡು, "ಉತ್ತರದಲ್ಲಿ ಯಾರೂ ಹಿಡಿಯಲ್ವಾ?" ಎಂದು ಕೇಳಿದ.

"ಅಲ್ಲಿ ಏನಿದೆ ಸಾರ್, ಬರೀ ಮರಳು" ಎಂದರು ಐವತ್ತೆರಡು ಜನ. ಉತ್ತರದ ಗುಟ್ಟು ತನಗೊಬ್ಬನಿಗೇ ಗೊತ್ತೆಂದು ಒಬ್ಬೊಬ್ಬರಿಗೂ ಒಳಗೊಳಗೇ ಖುಷಿ.

ಮೂರು ತಿಂಗಳಿಗೆ ಕಂಬದ ಪಟ್ಟಿ ಅಂಟಿಸಿದರು. ಇಪ್ಪತ್ತೆರಡು ಕಂಬ, ಎಲ್ಲ ಉತ್ತರದಲ್ಲಿ. ನಮ್ಮವರ ಮುಖ ನೋಡಬೇಕಿತ್ತು! ನೋಡಿದೆ. ನಕ್ಕೆ ಕೂಡ. ಆಮೇಲೆ ನನ್ನ ಕಸುಬು ನೆನಪಾಯಿತು. ಮೀನೇ ಇಲ್ಲವೆಂದರೆ ಬಲೆ ಹೆಣೆಸುವವರು ಯಾರು?

ತಿದ್ದುವವರು ಮೂರು ವಾರದೊಳಗೆ ನಿಜವಾದ ಜಾಗ ಬರೆಸಬಹುದು ಎಂದು ಕಂಪನಿ ಹೇಳಿತು. ಬರೆದುಕೊಳ್ಳುವವಳು ಗುಟ್ಟಪ್ಪನ ಸೊಸೆ. ಗಂಡ ಹೋದ ಮೇಲೆ ಓದು ಮುಂದುವರಿಸಿ, ಕಂಪನಿಯ ಕಡಲತೀರದ ಆಫೀಸಿನಲ್ಲಿ ಕೆಲಸ ಹಿಡಿದಿದ್ದಳು. ಹಗಲು ಆಫೀಸಿಗೆ ಹೋಗಲು ನಮ್ಮ ಗಂಡಸರಿಗೆ ನಾಚಿಕೆ. ಮಗ್ಗುಲಿನವನು ನೋಡಿದರೆ? ಅದಕ್ಕೆ ಒಬ್ಬೊಬ್ಬರೇ ಅವಳ ಮನೆ ಬಾಗಿಲಿಗೆ ಬಂದರು, ಮೀನು ಕೊಡುವ ನೆಪದಲ್ಲಿ.

"ಅವತ್ತು ನನ್ನ ಕಣ್ಣು ಸ್ವಲ್ಪ ಮಂಜಾಗಿತ್ತು ಕಣಮ್ಮ. ಸುತ್ತು ತಪ್ಪಾಗಿ ಬಿದ್ದಿದೆ."

"ಊರಿಗೆಲ್ಲ ಅವತ್ತೇ ಕಣ್ಣು ಮಂಜಾಗಿತ್ತಾ ಚಿಕ್ಕಪ್ಪ?" ಎನ್ನುತ್ತಿದ್ದಳು ಸೊಸೆ, ಮುಖ ಗಂಟು ಹಾಕಿಕೊಂಡು. ಬಂದವನು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಬರೆಸದೇ ಉಳಿದವನು ಗುಟ್ಟಪ್ಪ ಒಬ್ಬನೇ. ಇಷ್ಟು ಹೊತ್ತಿಗೆ ಅವನ ಜಾಗವೂ ಉತ್ತರದಲ್ಲೇ ಎಂದು ಮನೆಯವರು ಊಹಿಸಿದ್ದರು. ಹೇಳದಿದ್ದರೆ ಅಲ್ಲೊಂದು ಕಂಬ ಬೀಳುತ್ತದೆ, ಜಾಗ ಹೋಗುತ್ತದೆ. ಅದು ಹೋದರೆ ಚಿಕ್ಕ ಮಗನಿಗೆ ಈ ಕಸುಬಿನಲ್ಲಿ ಏನೂ ಉಳಿಯುವುದಿಲ್ಲ. ದೊಡ್ಡವನು ಹೋದ ಮೇಲೆ ಅಪ್ಪನ ಜೊತೆ ದೋಣಿಗೆ ಇಳಿದವನು ಚಿಕ್ಕವನೇ. ಆದರೆ ಅಪ್ಪ ಅವನನ್ನು ಆ ಜಾಗಕ್ಕೆ ಒಂದು ದಿನವೂ ಕರೆದುಕೊಂಡು ಹೋಗಿರಲಿಲ್ಲ. ದಡದ ಹತ್ತಿರವೇ ಬಲೆ ಬಿಟ್ಟು, ಬೆರಳುದ್ದದ ಮೀನು ತಂದು, ಮಾರ್ಕೆಟ್ಟಿನಲ್ಲಿ ಅಮ್ಮನ ಮಾನ ಕಳೆಯುತ್ತಿದ್ದರು.

ಎರಡನೆಯ ವಾರ ಒಂದು ಬೆಳಿಗ್ಗೆ ಜಗಳ ಹತ್ತಿತು. ನಾನು ಅವರ ಜಗುಲಿಯಲ್ಲೇ ಬಲೆ ಹರಡಿಕೊಂಡು ಕೂತಿದ್ದೆ.

"ಸಾಯೋವರೆಗೂ ಎದೇಲಿಟ್ಕೊಂಡು ಏನು ಮಾಡ್ತೀಯಪ್ಪ? ಅಣ್ಣನಿಗೆ ಕೊಟ್ಟೆ, ನನಗೆ ಕೊಡಲಿಲ್ಲ. ಸರಿ. ಅತ್ತಿಗೆಗೆ ಬರೆಸೋಕೇನು ಕಷ್ಟ? ಜಾಗಾನಾದ್ರೂ ಉಳಿಯುತ್ತೆ."

"ಆ ಜಾಗದ ಮಾತು ಬೇಡ."

"ಬೇಡ ಅಂದ್ರೆ? ನಾನು ನಿನ್ನ ಮಗ ಅಲ್ವಾ? ಅಣ್ಣ ಇದ್ದಾಗ ಆ ಜಾಗಕ್ಕೆ ಹೋದ ದಿನ ಬುಟ್ಟಿ ತುಂಬಿ ಬರ್ತಿತ್ತು. ಈಗ ನೋಡು, ಬೆಕ್ಕೂ ಮೂಸಲ್ಲ!"

"ಬೇಡ ಅಂದೆ."

"ಆಯ್ತು. ನೀನೂ ಬೇಡ, ನಿನ್ನ ಜಾಗಾನೂ ಬೇಡ. ನಾನು ಫ್ಯಾನಿನ ಕಂಪನಿ ದೋಣಿಗೆ ಸೇರ್ಕೊಳ್ತೀನಿ."

ಅಕ್ಕ ಒಳಗಿನಿಂದ ಸೌಟು ಹಿಡಿದೇ ಬಂದಳು. "ಬಾಯಿ ಬಿಡ್ರೀ! ಅವನು ಕೇಳ್ತಿರೋದು ಆಸ್ತಿ ಅಲ್ಲ, ಅನ್ನ. ಒಬ್ಬ ಮಗನ್ನ ನೀರಿಗೆ ಕೊಟ್ಟಾಯ್ತು, ಇನ್ನೊಬ್ಬನ್ನ ಮನೆ ಬಿಡಿಸ್ತೀರಾ?"

ಗುಟ್ಟಪ್ಪ ಜಗುಲಿಯಲ್ಲಿ ನನ್ನ ಪಕ್ಕ ಕೂತ. ನನ್ನ ಮುಂದಿದ್ದ ಬಲೆಯ ತುದಿ ತೆಗೆದುಕೊಂಡು ಗಂಟು ಹಾಕತೊಡಗಿದ. ಅವನು ಹಾಕಿದ ಗಂಟನ್ನೆಲ್ಲ ನಾನು ಆಮೇಲೆ ಬಿಚ್ಚಿ ಮತ್ತೆ ಹಾಕಬೇಕಾಯಿತು. ಮುದುಕನಿಗೆ ಹಟ ಎಂದು ನನಗೂ ಸಿಟ್ಟು ಬಂದಿತ್ತು.

ಚಿಕ್ಕವನು ಹೇಳಿದಂತೆಯೇ ಕಂಪನಿಗೆ ಸೇರಿದ. ಹೊಸ ಬೂಟು, ತಲೆಗೆ ಬಿಳಿ ಟೋಪಿ. ಪುಟ್ಟಿಗೆ ಆ ಟೋಪಿ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದೇ ಕೆಲಸ. ಅಪ್ಪ ಮಗ ಒಂದೇ ಮನೆಯಲ್ಲಿ ಉಂಡರೂ ಮಾತಿರಲಿಲ್ಲ. ಉಪ್ಪು ಬೇಕಾದರೂ ಪುಟ್ಟಿಯ ಕೈಯಲ್ಲಿ ಕೇಳಿಸುತ್ತಿದ್ದರು. ಗುಟ್ಟಪ್ಪ ಒಬ್ಬನೇ ದೋಣಿಗೆ ಹೋಗಿ ಬೇಗನೆ ಬರಿಗೈಲಿ ಬರುತ್ತಿದ್ದ. ಬಂದವನು ವೈರ್‌ಲೆಸ್ಸಿನ ಹತ್ತಿರ ಹೋಗಿ, ಅದರ ಗುಂಡಿಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಆರಿಸಲು ಹೋದರೆ ಅಕ್ಕ ಎಲ್ಲಿದ್ದರೂ ಕೂಗುತ್ತಿದ್ದಳು.

"ಮುಟ್ಟಬೇಡಿ ಅದನ್ನ! ಅವನ ದನಿ ಕೊನೇ ಸಲ ಬಂದಿದ್ದು ಅದರಲ್ಲೇ."

"ಅದಕ್ಕೇ ಕಣೇ" ಎಂದ ಒಂದು ದಿನ. ಗೋಡೆಯಾಚೆ ನನಗೆ ಸರಿಯಾಗಿ ಕೇಳಿಸಿತು. ಅರ್ಥ ಮಾತ್ರ ಆಗಲಿಲ್ಲ.

ಮೂರನೆಯ ವಾರದ ಗುರುವಾರ ನಾನು ಅವರಲ್ಲಿಗೇ ಊಟಕ್ಕೆ ಹೋಗಿದ್ದೆ. ಅಕ್ಕ ಮೀನು ಹುರಿಯುತ್ತಿದ್ದಳು. ಸೊಸೆ ಮಗಳಿಗೆ ಮುಳ್ಳು ಬಿಡಿಸಿ ಕೊಡುತ್ತಾ ಆಫೀಸಿನ ಸುದ್ದಿ ಹೇಳಿದಳು.

"ಹದಿನೇಳನೇ ಕಂಬದ ಜಾಗದಲ್ಲಿ ತಳದಲ್ಲಿ ಒಂದು ದೋಣಿ ಮುರಿದು ಬಿದ್ದಿದೆಯಂತೆ ಅತ್ತೆ. ಯಂತ್ರ ಇಳಿಸಿ ನೋಡಿದ್ದಾರೆ. 'ಹಳೆಯ ಅವಶೇಷ, ತೆರವು ಮಾಡುವುದು' ಅಂತ ನಾನೇ ಟೈಪ್ ಮಾಡಿದೆ."

"ಯಾರದ್ದೇ ಅದು?" ಎಂದೆ ನಾನು.

"ಯಾರದ್ದೋ. ಉತ್ತರದಲ್ಲಿ ನಮ್ಮೋರ ದೋಣಿ ಯಾವುದೂ ಮುಳುಗಿಲ್ವಲ್ಲ. ಬೇರೆ ಊರಿನದ್ದಿರಬೇಕು. ಸೋಮವಾರದೊಳಗೆ ಯಾರೂ ನಮ್ಮದು ಅಂತ ಬರದಿದ್ರೆ ಎತ್ತಿ ಗುಜರಿಗೆ ಹಾಕ್ತಾರೆ."

"ನನ್ನ ಮೊದಲನೇ ಕೆಲಸ ಅದೇ ಅತ್ತಿಗೆ" ಎಂದ ಚಿಕ್ಕವನು, ಬಾಯಿತುಂಬ ಅನ್ನ ಇಟ್ಟುಕೊಂಡು. "ಮಂಗಳವಾರ ಕ್ರೇನಿನ ಹಡಗು ಬರುತ್ತೆ. ಹಗ್ಗ ಹಿಡಿಯೋದು, ಕಸ ಎತ್ತಿಸೋದು."

"ಎತ್ತದೇ ಇದ್ರೆ?" ಎಂದಳು ಪುಟ್ಟಿ.

"ಎತ್ತದೇ ಇದ್ರೆ ಕಂಬ ಬಡಿಯುವಾಗ ಪುಡಿ ಪುಡಿ."

ಗುಟ್ಟಪ್ಪ ತಲೆ ಎತ್ತಿದ. "ಎಷ್ಟುದ್ದ ಅಂತೆ?"

ಜಗಳವಾದ ಮೇಲೆ ಊಟದ ಹೊತ್ತಿನಲ್ಲಿ ಅವನು ಆಡಿದ ಮೊದಲ ಮಾತು ಅದು.

"ಇಪ್ಪತ್ತಾರು ಅಡಿ ಮಾವ."

ಅವನು ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೆ ಹಾಕಿದ. ಆಮೇಲೆ ಶುಕ್ರವಾರ ಸಮುದ್ರಕ್ಕೆ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ಅಕ್ಕ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದು ಬೈದು, ಗಂಜಿ ಮಾಡಿಕೊಟ್ಟಳು. ಕುಡಿಯಲಿಲ್ಲ. ರೇನ್‌ಕೋಟಿನ ಎದುರಿಗೆ ಗೋಡೆಗೊರಗಿ ಕೂತಿದ್ದ.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಹೆಣೆದು ಮುಗಿಸಿದ ಬಲೆ ಕೊಡಲು ನಾನು ಒಳಗೆ ಹೋದೆ. ಗುಟ್ಟಪ್ಪ ಎದ್ದು ನಿಂತ.

"ಆ ದೋಣಿ ಎತ್ತಬೇಡಿ ಅಂತ ಬರಿಯಮ್ಮ."

"ಯಾವುದು ಮಾವ?"

"ಹದಿನೇಳರದ್ದು."

"ಅದು ಯಾರದ್ದೋ ಮಾವ, ನಾವು ಹೇಗೆ..."

"ನಮ್ಮದು."

ಯಾರಿಗೂ ತಕ್ಷಣ ಹೊಳೆಯಲಿಲ್ಲ. ಅಕ್ಕನೇ ಮೊದಲು ಬಾಯಿಬಿಟ್ಟಳು. "ನಮ್ಮ ದೋಣಿ ದಡದಲ್ಲಿದೆಯಲ್ರೀ."

"ದೊಡ್ಡೋನದ್ದು ಕಣೇ."

"ಅವನು ಹೋಗಿದ್ದು ಬಂಡೆ ಹತ್ತಿರ."

"ಅಲ್ಲ." ಗುಟ್ಟಪ್ಪ ಗೋಡೆ ಹಿಡಿದುಕೊಂಡ. "ದೀಪಸ್ತಂಭ ನೀರಿನ ಟ್ಯಾಂಕಿನ ಹಿಂದೆ ಮರೆಯಾಗಬೇಕು. ಗುಡ್ಡದ ಎರಡು ತಲೆ ಒಂದಾಗಿ ಕಾಣಬೇಕು. ಅದೇ ನಮ್ಮ ಜಾಗ. ಉತ್ತರದಲ್ಲಿ. ಅವತ್ತು ಅವನು ಅಲ್ಲೇ ಇದ್ದ."

ಆಮೇಲೆ ಅವನೇ ಎಲ್ಲ ಹೇಳಿದ. ಆ ಮಧ್ಯಾಹ್ನ ಮನೆಯಲ್ಲಿ ಅವನೊಬ್ಬನೇ ಇದ್ದ. ಅಕ್ಕ ಮಾರ್ಕೆಟ್ಟಿನಲ್ಲಿ, ಸೊಸೆ ಮಗುವನ್ನೆತ್ತಿಕೊಂಡು ತವರಿನಲ್ಲಿ, ಚಿಕ್ಕವನು ಶಾಲೆಯಲ್ಲಿ. ನಾನು ಕಡಲತೀರದ ಆಚೆ ತುದಿಯಲ್ಲಿ. ವೈರ್‌ಲೆಸ್ಸಿನಲ್ಲಿ ದೊಡ್ಡವನ ದನಿ ಬಂತು. ಅಪ್ಪಾ, ನಮ್ಮ ಜಾಗದಲ್ಲಿದ್ದೀನಿ, ದೋಣಿಗೆ ನೀರು ನುಗ್ತಿದೆ, ಬೇಗ ಯಾರನ್ನಾದ್ರೂ ಕಳಿಸು ಎಂದ. ಅಪ್ಪ ಕಲಿಸಿದ್ದ ಹಾಗೆಯೇ, ಸಾಯುವ ಹೊತ್ತಿನಲ್ಲೂ ಜಾಗದ ಗುರುತು ಹೇಳಲಿಲ್ಲ. ಆ ಮಾತು ಎಲ್ಲ ದೋಣಿಗಳಿಗೂ ಕೇಳಿಸಿತು. ಯಾವ ಜಾಗ, ಯಾವ ಜಾಗ ಎಂದು ನಾಲ್ಕು ಕಡೆಯಿಂದ ಕೂಗಿದರು.

"ಐವತ್ತು ಕಿವಿ ಕೇಳ್ತಿತ್ತು" ಎಂದ ಗುಟ್ಟಪ್ಪ. "ನನ್ನ ಬಾಯಿಗೆ ಬಂಡೆ ಅಂತ ಬಂತು. ಯೋಚನೆ ಮಾಡಿ ಹೇಳಿದ್ದಲ್ಲ. ಕೇಳಿದ್ರು, ಬಾಯಿ ಹೇಳಿಬಿಡ್ತು. ನಲವತ್ತು ವರ್ಷದಿಂದ ಹೇಳ್ತಿದ್ದದ್ದೇ ಅದು."

"ತಕ್ಷಣ ತಿದ್ದಬಹುದಿತ್ತಲ್ಲ?" ಚಿಕ್ಕವನ ದನಿ ಕೀರಲಾಗಿತ್ತು.

"ತಿದ್ದಬೇಕಿತ್ತು. ಎಲ್ಲರೂ ದಕ್ಷಿಣಕ್ಕೆ ಹೊರಟಾಗಿತ್ತು. ನಾನೇ ಹೋಗಿ ಕರ್ಕೊಂಡು ಬರ್ತೀನಿ, ಮಗನೂ ಉಳೀತಾನೆ, ಜಾಗಾನೂ ಉಳಿಯುತ್ತೆ ಅಂದ್ಕೊಂಡೆ. ನನ್ನ ಹಳೇ ಎಂಜಿನ್ನು. ಹೋಗೋ ಹೊತ್ತಿಗೆ ನೀರಿನ ಮೇಲೆ ಅವನ ಡೀಸೆಲ್ ಕ್ಯಾನು ತೇಲ್ತಿತ್ತು. ಅಷ್ಟೇ."

ಸೊಸೆ ಬಿಳಿಚಿಕೊಂಡು ನಿಂತಿದ್ದಳು. "ದೊಡ್ಡ ದೋಣಿಗಳು ಹೋಗಿದ್ರೆ ಎಷ್ಟು ಹೊತ್ತು ಬೇಕಿತ್ತು?"

"ಇಪ್ಪತ್ತು ನಿಮಿಷ."

"ನಿಮಗೆ?"

"ಒಂದು ಗಂಟೆ."

"ನಲವತ್ತು ನಿಮಿಷ ತಡ" ಎಂದಳು ಅವಳು. ಆಮೇಲೆ ಕೂಗಿದಳು. ಅವಳು ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಲವತ್ತು ನಿಮಿಷ ಅವರು ದಾರಿ ನೋಡಿದ್ದಾರೆ! ಆ ದೋಣಿನ ಕಸ ಅಂತ ನನ್ನ ಕೈಯಾರೆ ಟೈಪ್ ಮಾಡಿದೀನಿ! ನಿಮ್ಮನ್ನ ನಾನು ಏನಂತ ಕರೀಲಿ ಇನ್ಮೇಲೆ?"

"ಬೈಯಮ್ಮ. ನಾನು ಬಂಡೆ ಅಂದಿದ್ದು ಅವನಿಗೂ ಕೇಳಿಸಿರುತ್ತೆ. ಅವನ ಹತ್ರಾನೂ ವೈರ್‌ಲೆಸ್ಸಿತ್ತಲ್ಲ. ಈ ಸೆಟ್ಟು ಸುಯ್ ಅಂದಾಗೆಲ್ಲ ಅವನು 'ಅಲ್ಲಪ್ಪಾ' ಅಂತ ಹೇಳ್ತಿರೋ ಹಾಗಾಗುತ್ತೆ."

ಚಿಕ್ಕವನು ಬಿಳಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಬಾಗಿಲಲ್ಲೇ ಕುಸಿದು ಕೂತ. ಮಂಗಳವಾರ ಹಗ್ಗ ಹಿಡಿಯಬೇಕಿದ್ದವನು ಅವನೇ. ಜಾಗ ಕೊಡಲಿಲ್ಲ ಎಂದು ಐದು ವರ್ಷ ಅಪ್ಪನನ್ನು ಬೈದವನೂ ಅವನೇ. ಬಿಕ್ಕಿ ಬಿಕ್ಕಿ ಅತ್ತ.

ಅಕ್ಕ ಅಳಲಿಲ್ಲ, ಕೂಗಲಿಲ್ಲ. ದಕ್ಷಿಣದ ಕಿಟಕಿಯನ್ನು ನೋಡಿದಳು. ಅದರ ಕೆಳಗಿದ್ದ ಸ್ಟೂಲನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಎಷ್ಟೋ ಮೆಲ್ಲಗೆ ಕೇಳಿದಳು.

"ಐದು ವರ್ಷ ನಾನು ಯಾರ ಹತ್ತಿರ ಮಾತಾಡ್ತಿದ್ದೆ ಕಣೇ?"

ಕೊಡಲು ತಂದಿದ್ದ ಬಲೆಯನ್ನು ನಾನು ಕೆಳಗಿಟ್ಟೆ.

ಸೋಮವಾರ ಸೊಸೆ ಆಫೀಸಿಗೆ ಹೋಗಿ ತಾನೇ ಟೈಪ್ ಮಾಡಿದ್ದ ಹಾಳೆ ಹಿಂದಕ್ಕೆ ತೆಗೆದು, ಹೊಸದು ಬರೆದಳು. ಮಾಲೀಕರು ಎನ್ನುವಲ್ಲಿ ಗಂಡನ ಹೆಸರು, ಸಂಬಂಧ ಎನ್ನುವಲ್ಲಿ ಹೆಂಡತಿ. ಜಾಗದ ಗುರುತಿಗೆ ಗುಟ್ಟಪ್ಪ ಸಹಿ ಹಾಕಿದ, ಎಲ್ಲರೆದುರಿಗೆ, ಹಗಲಿನಲ್ಲೇ. ಊರು ನೋಡಿತು. ಅವತ್ತು ಬಂಡೆಯ ಸುತ್ತ ಎರಡು ದಿನ ಹುಡುಕಿದ್ದವರು ಅವನ ಮುಖ ನೋಡದೆ ತಲೆ ತಗ್ಗಿಸಿಕೊಂಡರು. ಒಬ್ಬರೂ ಬೈಯಲಿಲ್ಲ. ಯಾವ ಬಾಯಲ್ಲಿ ಬೈಯುತ್ತಾರೆ? ನಕ್ಷೆಯ ಮೇಲೆ ಬಂಡೆಯ ಸುತ್ತ ಸುತ್ತು ಹಾಕಿದ್ದವರೇ ಎಲ್ಲರೂ.

ತಿದ್ದಿಸಿದವರ ಜಾಗ ಬಿಟ್ಟು ಕಂಪನಿ ಕಂಬಗಳನ್ನು ಅಷ್ಟಿಷ್ಟು ಸರಿಸಿತು, ಹದಿನೇಳನೆಯದನ್ನು ಬಿಟ್ಟೇಬಿಟ್ಟಿತು. ದೋಣಿಯನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟಿತು. ಮೀನಿನ ಜಾಗವೂ ಉಳಿಯಿತು, ಚಿಕ್ಕವನು ಈಗ ಹೋಗಬಹುದು. ಆದರೆ ಅವನೂ ಹೋಗುವುದಿಲ್ಲ, ಬೇರೆ ಯಾರೂ ಅಲ್ಲಿ ಬಲೆ ಬಿಡುವುದಿಲ್ಲ. ಅವನು ಕಂಪನಿಯ ದೋಣಿಯಲ್ಲೇ ಇದ್ದಾನೆ. ಅಪ್ಪನ ಜೊತೆ ಮಾತು ಶುರುವಾಗಿದೆ, ಉಪ್ಪು ಕೊಡು, ಚೊಂಬು ಕೊಡು ಎನ್ನುವಷ್ಟು. ಸೊಸೆ ಗುಟ್ಟಪ್ಪನಿಗೆ ಊಟ ಬಡಿಸುತ್ತಾಳೆ, ಬಟ್ಟೆ ಒಗೆದು ಮಡಿಸಿಡುತ್ತಾಳೆ. ಮಾವ ಎಂದು ಕರೆಯುವುದಿಲ್ಲ.

ಕಂಬ ನೆಡುವ ಮೊದಲು ಪ್ರತಿ ಜಾಗಕ್ಕೂ ದೀಪದ ಒಂದೊಂದು ತೇಲುಬುರುಡೆ ಬಿಟ್ಟರು. ಮುಸ್ಸಂಜೆಗೆ ನನ್ನ ಕಿಟಕಿಯಿಂದ ಸಾಲಾಗಿ ಕೆಂಪು ದೀಪ ಕಾಣುತ್ತವೆ. ಪುಟ್ಟಿ ಬಂದು ಎಣಿಸಿದಳು. ಹದಿನಾರರ ಆಚೆ ಒಂದು ದೀಪದಷ್ಟು ಕತ್ತಲೆ, ಅದರಾಚೆ ಮತ್ತೆ ದೀಪ.

ದೀಪ ಹತ್ತಿದ ಮೊದಲ ಸಂಜೆಯೇ ಅಕ್ಕ ಸ್ಟೂಲು ಎತ್ತಿಕೊಂಡು ನನ್ನ ಮನೆಗೆ ಬಂದಳು. ಕೇಳಲಿಲ್ಲ. ನಾನು ಕಿಟಕಿಯ ಹತ್ತಿರವಿದ್ದ ಬಲೆ ಪಕ್ಕಕ್ಕೆ ಸರಿಸಿದೆ. ಅವಳು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಆ ಕತ್ತಲೆಯನ್ನು ಹುಡುಕಿ ಹಿಡಿದಳು.

"ಮಗಾ, ಇಷ್ಟು ದಿನ ಹೇಳಿದ್ದು ಒಂದೂ ನಿನಗೆ ಕೇಳಿಸಿಲ್ಲ. ಅಮ್ಮ ಬೇರೆ ಕಡೆ ತಿರುಗಿ ಕೂತಿದ್ದಳು. ಇರಲಿ ಬಿಡು, ಮೊದಲಿಂದ ಹೇಳ್ತೀನಿ. ನೀನು ಹೋದ ತಿಂಗಳೇ ಪುಟ್ಟಿ ನಡೆಯೋಕೆ ಶುರುಮಾಡಿದಳು..."

ಗೋಡೆಯಾಚೆ ಸುಯ್ ಎನ್ನುತ್ತಿದ್ದ ವೈರ್‌ಲೆಸ್ಸು ನಿಂತಿತು. ಯಾರೋ ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಕೂತ ಸದ್ದು ಕೇಳಿತು. ಒಂಟಿ ಇಟ್ಟಿಗೆ, ನನಗೆ ಕೇಳಿಸಿದ್ದು ಅಕ್ಕನಿಗೂ ಕೇಳಿಸಿತು. ಅವಳು ಗೋಡೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮುಂದುವರಿಸಿದಳು. ದನಿ ಮಾತ್ರ ತಗ್ಗಿಸಲಿಲ್ಲ.